ಮೀಟರ್ ಹಿಡಿಯೋನ ಹೊಟ್ಟೆನೋವು

ಕಾಫಿ ಸೀಸನ್ ಶುರುವಾಯ್ತು ಅಂದ್ರೆ ನನ್ ಕೌನ್ಸೆಲಿಂಗ್ ರೂಮಿಗೆ, ಕೆಲ್ಸ ಚೆನ್ನಾಗೇ ಮಾಡ್ತಾ ಒಳಗೊಳಗೇ ಸೊರಗೋರು ಒಬ್ರಾದ್ರೂ ಬಂದೇ ಬರ್ತಾರೆ, ಅದಕ್ಕೇ ಬರೀತಿದೀನಿ. ಗುರುತು ಸಿಗದ ಹಾಗೆ ವಿವರ ಒಂದಷ್ಟು ಬದಲಾಯಿಸಿದೀನಿ.

ಮೂವತ್ತರ ಆಸುಪಾಸಿನ ಹುಡುಗ. ಚಿಕ್ಕಮಗಳೂರಲ್ಲಿ ಕಾಫಿ ಕೊಳ್ಳೋ ಒಂದ್ ಕಡೆ ಕೆಲ್ಸ, ಮೂಟೆ ಬಂದಾಗ ಸ್ಯಾಂಪಲ್ ತೆಗೆದು ಮೀಟರಲ್ಲಿ ಮಾಯಿಶ್ಚರ್ (ತೇವಾಂಶ) ನೋಡೋದು, ಔಟ್‌ಟರ್ನ್ ಲೆಕ್ಕ ಹಾಕೋದು, ಅಂದ್ರೆ ಸಿಪ್ಪೆ ತೆಗೆದ್ಮೇಲೆ ಎಷ್ಟು ಬೀಜ ಸಿಗುತ್ತೆ ಅಂತ. ಮದುವೆ ಆಗಿದೆ, ಬೈಕ್ ಲೋನ್ ಇದೆ, ಅಪ್ಪಂದು ಆಲ್ದೂರು ಕಡೆ ಎರಡೆಕ್ರೆ ತೋಟ. ಭಾನುವಾರ ಸಂಜೆ ಆದ್ರೆ ಹೊಟ್ಟೆ ಹಿಂಡುತ್ತೆ, ಸ್ಕ್ಯಾನಿಂಗ್ ಎಲ್ಲಾ ನಾರ್ಮಲ್, ಡಾಕ್ಟ್ರೇ ನನ್ ಹತ್ರ ಕಳ್ಸಿದ್ರು.

ಮೊದಲೆರಡು ಸಲ ನಾನೂ ದಾರಿ ತಪ್ಪಿದೆ. ಸಂಬಳ ಸಾಲ್ದಾ, ಬೈಗುಳಾನಾ ಅಂತ ಕೇಳಿದ್ರೆ "ಇಲ್ಲ ಮೇಡಂ, ಸಾವ್ಕಾರ್ರು ಒಳ್ಳೇವ್ರು, ಒಂದನೇ ತಾರೀಕು ಸಂಬಳ ಹಾಕ್ತಾರೆ, ನನ್ ಕೆಲ್ಸದ ಬಗ್ಗೆ ಒಂದ್ ಮಾತಿಲ್ಲ" ಅಂದ. ಸರಿ, ಉಸಿರಾಟದ ಅಭ್ಯಾಸ ಹೇಳ್ಕೊಟ್ಟು ಕಳ್ಸಿದ್ದೆ.

ಮೂರನೇ ಸಲ ಬಂದವನು ಸುಮಾರ್ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ಒಂದು ದಿನದ ಕಥೆ ಹೇಳ್ದ. ವಯಸ್ಸಾದ ಒಬ್ರು ನಾಲ್ಕು ಮೂಟೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ, ಒಳಹೊಟ್ಟು ಇರೋ ಕಾಫಿ) ತಂದಿದ್ರಂತೆ, ಮೀಟರ್ ಹನ್ನೆರಡು ಪರ್ಸೆಂಟ್ ಮೇಲೆ ತೋರಿಸ್ತಂತೆ, ಅಂದ್ರೆ ಇನ್ನೂ ಹಸಿ, ಇವನು ಮೆಲ್ಲಗೆ "ಅಜ್ಜ, ಇನ್ನೆರಡು ದಿನ ಕಣದಲ್ಲಿ ಒಣಗಿಸ್ಕೊಂಡ್ ಬನ್ನಿ, ಇವತ್ತೇ ಕೊಟ್ರೆ ದುಡ್ಡು ಕಟ್ ಆಗುತ್ತೆ" ಅಂದಿದಾನೆ. ಅಜ್ಜ ಮೂಟೆ ವಾಪಸ್ ಆಟೋಗೆ ಹಾಕಿಸ್ಕೊಂಡು ಹೋದ್ರು. ಸಾವ್ಕಾರ್ರು ಕೂಗಾಡ್ಲಿಲ್ಲ, ಟೀ ಕುಡೀತಾನೇ "ಏನಪ್ಪಾ, ನೀನ್ ಯಾರ ಕಡೆ?" ಅಂತ ಅಷ್ಟೇ ಕೇಳಿದ್ರು.

"ಅವತ್ತಿಂದ ಯಾರಿಗೂ ಒಣಗಿಸ್ಕೊಂಡ್ ಬನ್ನಿ ಅಂತ ಹೇಳಿಲ್ಲ ಮೇಡಂ. ಸುಳ್ಳು ಬರೆದಿಲ್ಲ, ಮೀಟರ್ ಸರಿಯಾಗೇ ಓದ್ತೀನಿ. ಆದ್ರೆ ಕ್ಯೂನಲ್ಲಿ ನಿಂತವ್ರೆಲ್ಲ ನಮ್ಮಪ್ಪನ ಥರಾನೇ ಕಾಣ್ತಾರೆ. ಕೆಲ್ಸ ಎಷ್ಟ್ ಚೆನ್ನಾಗ್ ಮಾಡ್ತೀನೋ ಅಷ್ಟೂ ನನ್ ಮೇಲೇ ಹೇಸಿಗೆ."

ಕೆಲ್ಸ ಒಗ್ಗಿದೆ, ಜಾಗ ಒಗ್ಗಿಲ್ಲ. ಇವೆರಡನ್ನ ನಾವು ಒಂದೇ ಅನ್ಕೊಂಡ್ಬಿಡ್ತೀವಿ. ಕ್ರಿಸ್ಟಾಫ್-ಬ್ರೌನ್ ಅನ್ನೋ ಸಂಶೋಧಕಿ ಮತ್ತೆ ಜೊತೆಗಾರರು 2005ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದ್ರು: ಸಂಸ್ಥೆ ಜೊತೆಗಿನ ಹೊಂದಾಣಿಕೆಗೂ ಕೆಲಸದ ತೃಪ್ತಿಗೂ ಸಂಬಂಧ 0.44 (ಸಂಬಂಧಾನೇ ಇಲ್ದಿದ್ರೆ 0, ಪೂರ್ತಿ ಇದ್ರೆ 1), ಸಂಸ್ಥೆ ಮೇಲಿನ ಬದ್ಧತೆಗೆ 0.51, ಆದ್ರೆ ಕೆಲಸದ ಗುಣಮಟ್ಟಕ್ಕೆ ಬರೀ 0.07. ಅಂದ್ರೆ ಒಳಗೆ ಮನುಷ್ಯ ಸೊರಗ್ತಿದ್ರೂ ಲೆಡ್ಜರ್ ನೀಟಾಗೇ ಇರುತ್ತೆ, ಸಾವ್ಕಾರ್ರಿಗೆ ಗೊತ್ತಾಗೋದು ರಾಜೀನಾಮೆ ಪತ್ರ ಟೇಬಲ್ ಮೇಲೆ ಬಂದಾಗ್ಲೇ. ಇನ್ನೊಂದು, ಮನಶ್ಶಾಸ್ತ್ರಜ್ಞ ಬೆಂಜಮಿನ್ ಶ್ನೈಡರ್ 1987ರಲ್ಲೇ ಬರೆದಿದ್ದು, ಹೊಂದದವ್ರು ಬಿಟ್ಟು ಹೋಗ್ತಾರೆ, ಉಳಿದವ್ರೆಲ್ಲ ಒಂದೇ ಥರ ಆಗ್ತಾರೆ ಅಂತ. ಅಜ್ಜಂಗೆ ಒಣಗಿಸ್ಕೊಂಡ್ ಬನ್ನಿ ಅನ್ನೋನು ಹೋದ್ರೆ ಆ ಗೋಡೌನಲ್ಲಿ ಹಾಗನ್ನೋರು ಇನ್ಯಾರೂ ಇರಲ್ಲ.

ನಾನು ಬಿಡು ಅನ್ಲಿಲ್ಲ. ಇದಕ್ಕೆ ನಮ್ಮ ಪೈಕಿಯವ್ರೇ ಒಬ್ರು ನನ್ನ ತರಾಟೆಗೆ ತಗೊಂಡ್ರು, ಹುಡುಗನ್ನ ಅದೇ ಜಾಗದಲ್ಲಿ ಕೊಳೆಸ್ತೀಯಾ ಅಂತ. ಇಎಂಐ ಕಟ್ಟೋದು ನಾನಲ್ವಲ್ಲ, ಬಾಯ್ಮಾತಲ್ಲಿ ಬಿಡಿಸೋದು ಸುಲಭ. ಹಾಗಂತ ಅಡ್ಜಸ್ಟ್ ಮಾಡ್ಕೋ ಅಂತಾನೂ ಅನ್ಲಿಲ್ಲ, ಆ ಮಾತು ಅವನಿಗೆ ಮನೇಲಿ ದಿನಾ ಊಟದ ಜೊತೆ ಬಡಿಸ್ತಿದ್ರು. ನಾನ್ ಹೇಳಿದ್ದು: ಎರಡು ವಾರ ಹೊಟ್ಟೆ ಯಾವ ಹೊತ್ತಲ್ಲಿ ಹಿಂಡುತ್ತೆ ಬರ್ದಿಡು, ಆಮೇಲೆ ಸಾವ್ಕಾರ್ರ ಹತ್ರ ಒಂದೇ ಒಂದು ವಿಷಯ ಕೇಳು, ಉಪದೇಶ ಮಾಡ್ಬೇಡ. ಯಾಕಂದ್ರೆ ಆ ಜಾಗ ಎಷ್ಟು ಬಗ್ಗುತ್ತೆ ಅಂತ ಕೇಳದೆ ಗೊತ್ತಾಗಲ್ಲ.

ಬರ್ದಿಟ್ಟಿದ್ರಲ್ಲಿ ಭಾನುವಾರ ಸಂಜೆ ಬಿಟ್ರೆ, ದೊಡ್ಡ ಪ್ಲಾಂಟರ್ ಲೋಡ್ ಬಂದ ದಿನ ಏನೂ ಇಲ್ಲ, ನಾಲ್ಕೈದು ಮೂಟೆ ತರೋ ಸಣ್ಣ ಬೆಳೆಗಾರರು ಬಂದ ದಿನಾನೇ ನೋವು. ಸಾವ್ಕಾರ್ರನ್ನ ಕೇಳಿದ್ದು, ಮೀಟರ್ ರೀಡಿಂಗ್ ಮೂಟೆ ತಂದವ್ರಿಗೇ ತೋರಿಸ್ಲಾ ಅಂತ. "ತೋರ್ಸು, ಒಣಗಿಸ್ಕೊಂಡ್ ಬಾ ಅಂತ ಮಾತ್ರ ಅನ್ಬೇಡ" ಅಂದ್ರಂತೆ.

ಈಗ ಮೀಟರ್ ಅವ್ರ ಕಡೆ ತಿರುಗಿಸಿ ಹಿಡೀತಾನೆ. ಕೆಲವ್ರು ನೋಡಿ ತಾವೇ ಮೂಟೆ ವಾಪಸ್ ತಗೊಂಡೋಗ್ತಾರಂತೆ. ನೋವು ಪೂರ್ತಿ ಹೋಗಿಲ್ಲ. ಹಾಸನದಲ್ಲಿ ಇನ್ನೊಂದ್ ಕಡೆ ಅರ್ಜಿ ಹಾಕಿದಾನೆ, ಇಂಟರ್‌ವ್ಯೂನಲ್ಲಿ ಏನ್ ಕೇಳ್ಲಿ ಮೇಡಂ ಅಂದ. ಹಸಿ ಮಾಲು ತಂದವ್ರಿಗೆ ನೀವು ಏನ್ ಹೇಳ್ತೀರಾ ಅಂತ ಕೇಳು ಅಂದೆ.