ಹಳೆಯ ಎಕ್ಸೆಲ್ ಮ್ಯಾಕ್ರೋ ಈಗಲೂ ನಡೆಯುತ್ತದೆಯೇ?

ಪ್ರಶ್ನೆ: ಸಂಘದ ಲೆಕ್ಕದಲ್ಲಿ ಬಾಕಿದಾರರ ಸೆಲ್‌ಗಳಿಗೆ ಹಳದಿ ಬಣ್ಣ ತುಂಬಿದ್ದೇನೆ. ಬಣ್ಣ ನೋಡಿ ಎಣಿಸುವ ಫಾರ್ಮುಲಾ ಇಲ್ಲವೇ? ಹಳೆಯ ಮ್ಯಾಕ್ರೋದಲ್ಲಿ ಆಗುತ್ತದೆ ಎನ್ನುತ್ತಾರೆ, ಹೌದಾ?

ಉತ್ತರ: ಹೌದು, ಆಗುತ್ತದೆ. ಅದು 1992ರ ಎಕ್ಸೆಲ್ 4.0 ಮ್ಯಾಕ್ರೋ, ಅಂದರೆ ಎಕ್ಸೆಲ್ ತಾನಾಗಿ ಕೆಲಸ ಮಾಡಲು ಬರೆದಿಡುವ ಆದೇಶಗಳ ಹಳೆಯ ಪದ್ಧತಿ. ಮರುವರ್ಷವೇ ವಿಬಿಎ ಎಂಬ ಹೊಸ ಮ್ಯಾಕ್ರೋ ಭಾಷೆ ಬಂತು, ಆದರೂ ಹಳೆಯದನ್ನು ತೆಗೆದುಹಾಕಲಿಲ್ಲ. ನಿಮ್ಮ ಕೆಲಸಕ್ಕೆ ಮ್ಯಾಕ್ರೋ ಶೀಟ್ ಕೂಡ ಬೇಡ. ಬಣ್ಣ ಎ2ರಲ್ಲಿದೆ ಅಂದುಕೊಳ್ಳಿ. ಬಿ2 ಸೆಲ್ ಆರಿಸಿ, ಫಾರ್ಮುಲಾಸ್ ಟ್ಯಾಬ್‌ನ ನೇಮ್ ಮ್ಯಾನೇಜರ್‌ನಲ್ಲಿ 'ಕಲರ್' ಅಂತ ಹೊಸ ಹೆಸರು ಮಾಡಿ, ರೆಫರ್ಸ್ ಟು ಜಾಗದಲ್ಲಿ ಸಮ ಚಿಹ್ನೆ ಹಾಕಿ ಗೆಟ್.ಸೆಲ್, ಆವರಣದೊಳಗೆ 63, ಅಲ್ಪವಿರಾಮ, ಎ2 ಎಂದು ಇಂಗ್ಲಿಷ್‌ನಲ್ಲಿ ಬರೆಯಿರಿ. ಡಾಲರ್ ಚಿಹ್ನೆ ಬಂದಿದ್ದರೆ ಅಳಿಸಲೇಬೇಕು, ಇಲ್ಲದಿದ್ದರೆ ಎಲ್ಲ ಸಾಲಿನಲ್ಲೂ ಎ2ರ ಬಣ್ಣವೇ ಬರುತ್ತದೆ. ಬಿ2ರಲ್ಲಿ ಸಮ ಚಿಹ್ನೆ ಹಾಕಿ ಆ ಹೆಸರು ಟೈಪ್ ಮಾಡಿ ಕೆಳಗೆ ಎಳೆಯಿರಿ. ಮಾಮೂಲಿ ಹಳದಿಗೆ 6, ಬಣ್ಣವಿಲ್ಲದ್ದಕ್ಕೆ 0 ಬರುತ್ತದೆ. ಆಮೇಲೆ 6 ಎಷ್ಟಿವೆ ಎಂದು ಎಣಿಸಲು ಕೌಂಟ್‌ಇಫ್ ಫಾರ್ಮುಲಾ ಸಾಕು.

ಬಣ್ಣ ಬದಲಿಸಿದರೆ ಸಂಖ್ಯೆ ತಾನಾಗಿ ಬದಲಾಗುವುದಿಲ್ಲ, ಕಂಟ್ರೋಲ್, ಆಲ್ಟ್, ಎಫ್9 ಒಟ್ಟಿಗೆ ಒತ್ತಬೇಕು. ಕಂಡೀಷನಲ್ ಫಾರ್ಮ್ಯಾಟಿಂಗ್ ಬಣ್ಣ, ಅಂದರೆ ನಾವು ಕೊಟ್ಟ ನಿಯಮದಂತೆ ಎಕ್ಸೆಲ್ ತಾನೇ ಹಾಕುವ ಬಣ್ಣ, ಇದಕ್ಕೆ ಕಾಣುವುದೇ ಇಲ್ಲ. ಫೈಲನ್ನು ಎಕ್ಸ್‌ಎಲ್‌ಎಸ್‌ಎಂ (ಮ್ಯಾಕ್ರೋ ಇಡಬಲ್ಲ ಫೈಲ್ ಬಗೆ) ಆಗಿ ಸೇವ್ ಮಾಡಿ.

ವೈರಸ್ ಹರಡುವವರು ಈ ಹಳೆಯ ಮ್ಯಾಕ್ರೋವನ್ನು ಜಾಸ್ತಿ ಬಳಸಿದ್ದರಿಂದ 2021ರಿಂದ ಮೈಕ್ರೋಸಾಫ್ಟ್ 365ರಲ್ಲಿ ಇದು ಮೊದಲೇ ಬಂದ್ ಆಗಿರುತ್ತದೆ. ಟ್ರಸ್ಟ್ ಸೆಂಟರ್‌ನ ಮ್ಯಾಕ್ರೋ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬಹುದು, ಆದರೆ ಯಾರೋ ಕಳಿಸಿದ ಫೈಲಿಗಾಗಿ ದಯವಿಟ್ಟು ಬೇಡ. ನನ್ನ ಕೇಳಿದರೆ, ಪಕ್ಕದ ಕಾಲಂನಲ್ಲಿ ಸುಮ್ನೆ 'ಬಾಕಿ' ಅಂತ ಬರೆದು ಎಣಿಸುವುದೇ ಒಳ್ಳೆಯದು.