ಪೊದೆ ಕಿತ್ತ ಜಾಗದಲ್ಲಿ ಹುಲ್ಲು ನಿಲ್ಲಬೇಕು

ಕೊಟ್ಟಿಗೆ ಮಾತು: ಓದುಗರ ಪ್ರಶ್ನೆ, ನಿವೃತ್ತ ಪಶುವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟ್ರಮ್ಮನವರಿಗೆ ನಮಸ್ಕಾರ. ನಾನಿರುವುದು ಕೆಂಗೇರಿಯಲ್ಲಿ. ತಾವರೆಕೆರೆ ಹತ್ತಿರ ನಮ್ಮ ತಂದೆಯವರ ಮೂರು ಎಕರೆ ಬೀಳು ಇದೆ. ಮೊದಲು ದನ ಮೇಯುತ್ತಿದ್ದ ಜಾಗ. ದನ ಮಾರಿದ ಮೇಲೆ ಯಾರೂ ಅತ್ತ ಹೋಗಲಿಲ್ಲ. ಈಗ ಲಂಟಾನ ಆಳೆತ್ತರ ಬೆಳೆದಿದೆ. ನಡುನಡುವೆ ಕಮ್ಯುನಿಸ್ಟ್ ಗಿಡ, ಅಂಚಿನಲ್ಲೆಲ್ಲ ಪಾರ್ಥೇನಿಯಂ. ಎರಡು ಹಸು, ನಾಲ್ಕಾರು ಕುರಿ ಕಟ್ಟುವ ಆಸೆ. ಜೆಸಿಬಿಯವರು ಎರಡೇ ದಿನದಲ್ಲಿ ಚೊಕ್ಕ ಮಾಡಿಕೊಡ್ತೀವಿ ಅಂತಾರೆ. ನಮ್ಮ ಚಿಕ್ಕಪ್ಪ ಬೇಸಿಗೆಯಲ್ಲಿ ಒಂದು ಕಡ್ಡಿ ಗೀರು ಸಾಕು ಅಂತಾರೆ. ಯಾವುದು ಸರಿ?
— ಓದುಗರೊಬ್ಬರು, ಕೆಂಗೇರಿ

ಉತ್ತರ: ಎರಡೂ ಬೇಡ. ಬೆಂಕಿಯ ಮಾತು ಮೊದಲು ಹೇಳುತ್ತೇನೆ, ಯಾಕೆಂದರೆ ಆ ಆಸೆ ನಮ್ಮ ಊರುಗಳಲ್ಲಿ ಬಹಳ ಜನಕ್ಕಿದೆ. ಬೆಂಕಿಗೆ ಲಂಟಾನದ ಮೇಲಿನ ಕಡ್ಡಿ ಸುಡುತ್ತದೆ, ಬುಡ ಸಾಯುವುದಿಲ್ಲ. ಮೊದಲ ಮಳೆ ಬಿದ್ದ ಕೂಡಲೇ ಒಂದು ಬುಡಕ್ಕೆ ಹತ್ತು ಚಿಗುರು ಹೊಡೆಯುತ್ತದೆ. ಪಾಪ, ಸುಟ್ಟುಹೋಗುವುದು ನೆಲದ ಮೇಲೆ ಬಿದ್ದಿದ್ದ ಒಳ್ಳೆ ಹುಲ್ಲಿನ ಬೀಜ. ಬೋಳಾದ ನೆಲದ ಮಣ್ಣನ್ನು ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕೊಚ್ಚಿಕೊಂಡು ಹೋಗುತ್ತದೆ.

ಇನ್ನು ಜೆಸಿಬಿ. ನಮ್ಮ ಕಡೆಯ ದಿಣ್ಣೆಗಳಲ್ಲಿ ಫಲವತ್ತಾದ ಕೆಂಪು ಮಣ್ಣು ಇರುವುದೇ ತೆಳ್ಳಗೆ. ಅದರ ಕೆಳಗೆ ಗರಸು. ಬಕೆಟ್ಟು ಪೊದೆಯ ಜೊತೆ ಆ ಮೇಲ್ಮಣ್ಣನ್ನೂ ಕೆರೆದು ಮೂಲೆಗೆ ಗುಡ್ಡೆ ಹಾಕುತ್ತದೆ. ಉಳಿಯುವ ಗರಸಿನ ಮೇಲೆ ಹುಲ್ಲು ಬೆಳೆಯಲು ವರ್ಷಗಳೇ ಬೇಕು. ಅನುಮಾನ ಇದ್ದರೆ ನಿಮ್ಮ ಕೆಂಗೇರಿಯ ಸುತ್ತಲಿನ ಹೊಸ ಲೇಔಟುಗಳನ್ನು ನೋಡಿ. ಜೆಸಿಬಿ ಸವರಿ ಬಿಟ್ಟ ಖಾಲಿ ಸೈಟಿನಲ್ಲಿ ಒಂದು ಮಳೆಗೆ ಏನು ಬರುತ್ತದೆ? ಬರೀ ಪಾರ್ಥೇನಿಯಂ, ಅಲ್ವಾ? ಬಳ್ಳಾರಿ ಜಾಲಿಯ ದಪ್ಪ ಬೊಡ್ಡೆಗಳಿದ್ದರೆ ಅಷ್ಟಕ್ಕೆ ಮಾತ್ರ ಯಂತ್ರ ಕರೆಸಿ.

ಲಂಟಾನಕ್ಕೆ ಒಳ್ಳೆಯ ದಾರಿ ಪಿಕಾಸಿ. ದೆಹಲಿಯ ಪ್ರೊಫೆಸರ್ ಸಿ.ಆರ್. ಬಾಬು ಅವರು ಪ್ರಚಾರಕ್ಕೆ ತಂದ ಕ್ರಮ ಇದು. ಕಾಡುಗಳಲ್ಲೂ ಬಳಸಿದ್ದಾರೆ. ಲಂಟಾನದ ಚಿಗುರೆಲ್ಲ ಹುಟ್ಟುವುದು ಬುಡದ ಗಂಟಿನಿಂದ. ಹಾಗಾಗಿ ನೆಲದಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರನ್ನು ಕಡಿದು, ಆ ಗಂಟಿನ ಸಮೇತ ಪೊದೆಯನ್ನು ಎಬ್ಬಿಸಬೇಕು. ಆಮೇಲೆ ಬೇರು ಮೇಲಾಗುವಂತೆ ತಲೆಕೆಳಗಾಗಿ ಒಟ್ಟಿ ಒಣಗಿಸಬೇಕು. ಮಣ್ಣು ತಾಗಿದರೆ ಮತ್ತೆ ಬೇರು ಬಿಡುತ್ತದೆ. ಮಚ್ಚಿನಲ್ಲಿ ಮೇಲೆ ಕಡಿದರೆ ಕೂಲಿ ದಂಡ. ಕಳೆನಾಶಕವನ್ನೂ ನಾನು ಹೇಳುವುದಿಲ್ಲ. ಪೊದೆಯ ಕೆಳಗೆ ಜೀವ ಹಿಡಿದುಕೊಂಡಿರುವ ಗರಿಕೆ ಅದರಿಂದ ಸತ್ತುಹೋಗುತ್ತದೆ.

ಮುಂಗಾರಿಗೆ ಮೊದಲು ಒಂದೆರಡು ಹದ ಮಳೆ ಬಿದ್ದಾಗ, ಕಾಯಿ ಹಣ್ಣಾಗುವ ಮುಂಚೆ ಈ ಕೆಲಸ ಹಿಡಿಯಿರಿ. ನೆಲ ಮೆತ್ತಗಿದ್ದರೆ ಕೈಯೂ ಸಾಗುತ್ತದೆ. ಮೂರೂ ಎಕರೆಗೆ ಒಟ್ಟಿಗೆ ಕೈ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಈ ಮಳೆಗಾಲದಲ್ಲಿ ಎಷ್ಟಕ್ಕೆ ಬೀಜ ಹಾಕಿ ಕಾಯಬಲ್ಲಿರೋ ಅಷ್ಟನ್ನು ಮಾತ್ರ ಕೀಳಿ. ಒಂದು ಎಕರೆ ಸಾಕು. ಅದೂ ಸ್ವಲ್ಪ ಹುಲ್ಲು ಉಳಿದಿರುವ ಕಡೆಯಿಂದ ಶುರು ಮಾಡಿ. ಖಾಲಿ ಬಿಟ್ಟ ನೆಲವನ್ನು ಕಳೆ ಒಂದೇ ಮಳೆಗೆ ವಾಪಸ್ ತೆಗೆದುಕೊಳ್ಳುತ್ತದೆ. ಹುಲ್ಲು ದಟ್ಟವಾಗಿ ಕೂತ ನೆಲದಲ್ಲಿ ಲಂಟಾನದ ಮೊಳಕೆಗೆ ಬೆಳಕು ಸಿಗುವುದಿಲ್ಲ. ಪೊದೆಯನ್ನು ದೂರ ಇಡುವ ಕಾವಲುಗಾರ ಹುಲ್ಲೇ.

ಎಲ್ಲ ಗಿಡವನ್ನೂ ಶತ್ರು ಅಂದುಕೊಳ್ಳಬೇಡಿ. ಎಲಚಿ, ಕಾರೆ ಇದ್ದರೆ ಬಿಡಿ, ಕುರಿ ಮೇಕೆಗೆ ಸೊಪ್ಪಾಗುತ್ತದೆ. ತಂಗಡಿ ಗಿಡ, ಬಂದರೆ ಗಿಡ ಇವೆರಡನ್ನೂ ದನ ಮುಟ್ಟುವುದಿಲ್ಲ. ಹಾಗಾಗಿ ಅಂಚಿನಲ್ಲಿ ಬೇಲಿಗೆ ಅವೇ ವಾಸಿ.

ಇನ್ನು ಬೀಜ. ಮಳೆಯನ್ನೇ ನಂಬಿದ ದಿಣ್ಣೆಗೆ ನೇಪಿಯರ್ ಹುಲ್ಲು ಆಗಿಬರುವುದಿಲ್ಲ, ಅದಕ್ಕೆ ನೀರು ಬೇಕು. ಅಂಜನ್ ಹುಲ್ಲು ಮತ್ತು ಸ್ಟೈಲೋ ಜೋಡಿ ಹಾಕಿ. ಸ್ಟೈಲೋ ದ್ವಿದಳ ಜಾತಿ. ದನಕ್ಕೆ ಪ್ರೋಟೀನು, ಮಣ್ಣಿಗೆ ಸಾರಜನಕ ಎರಡನ್ನೂ ಕೊಡುತ್ತದೆ. ಎಕರೆಗೆ ಅಂಜನ್ ಎರಡರಿಂದ ಮೂರು ಕೆ.ಜಿ. ಸಾಕು, ಸ್ಟೈಲೋ ಸುಮಾರು ಅಷ್ಟೇ. ಸ್ಟೈಲೋ ಬೀಜದ ಸಿಪ್ಪೆ ಬಹಳ ಗಟ್ಟಿ, ಹಾಗೇ ಎರಚಿದರೆ ಬಹುಪಾಲು ಮೊಳೆಯುವುದಿಲ್ಲ. 80 ಡಿಗ್ರಿ ಬಿಸಿಯ ನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ಆಮೇಲೆ ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಿ. ಕುದಿಯುವ ನೀರು ಬೇಡ, ಬೀಜ ಬೆಂದುಹೋಗುತ್ತದೆ. ಅಂಜನ್ ವಿಷಯ ಬೇರೆ. ಹೊಸ ಬೀಜ ಕೆಲವು ತಿಂಗಳು ಮೊಳೆಯುವುದಿಲ್ಲ, ಹಿಂದಿನ ವರ್ಷದ್ದನ್ನೇ ಕೇಳಿ ತನ್ನಿ. ಅದು ಹತ್ತಿಯ ಹಾಗೆ ಹಗುರ, ಗಾಳಿಗೆ ಹಾರುತ್ತದೆ. ಒದ್ದೆ ಮರಳಿನಲ್ಲಿ ಕಲಸಿ ಎರಚಿ, ಮೇಲೆ ಮುಳ್ಳಿನ ಕೊಂಬೆ ಎಳೆಯಿರಿ. ಬೀಜದ ಮೇಲೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಮಣ್ಣು ಬೀಳಬಾರದು. ಮರದ ನೆರಳಿದ್ದ ಕಡೆ ಗಿನಿ ಹುಲ್ಲಿನ ಬುಡಗಳನ್ನು ನೆಡಿ. ಮೇವಿನ ಬೀಜದ ಬಗ್ಗೆ ಹೆಸರಘಟ್ಟದ ಪ್ರಾದೇಶಿಕ ಮೇವು ಕೇಂದ್ರದಲ್ಲಿ ವಿಚಾರಿಸಿ.

ಮೊದಲ ವರ್ಷ ದನ ಬಿಡಲೇಬಾರದು. ಬಹಳ ಜನ ಸೋಲುವುದು ಇಲ್ಲೇ. ಹಸಿರು ಕಂಡ ಕೂಡಲೇ ಹಗ್ಗ ಬಿಚ್ಚುತ್ತಾರೆ. ಬೇರು ಗಟ್ಟಿಯಾಗದ ಹುಲ್ಲನ್ನು ದನ ಬೇರು ಸಮೇತ ಕಿತ್ತು ತಿನ್ನುತ್ತದೆ. ಬೆಂಗಳೂರಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಳ್ಳೆ ಮಳೆ ಬರುವುದು ನಮ್ಮ ಪುಣ್ಯ. ಅಷ್ಟು ಹೊತ್ತಿಗೆ ಹುಲ್ಲು ಎದ್ದಿರುತ್ತದೆ. ನಾಲ್ಕು ಅಂಗುಲ ಬಿಟ್ಟು ಕುಡುಗೋಲಿನಲ್ಲಿ ಕೊಯ್ದು ಮನೆಗೆ ತನ್ನಿ. ಸ್ಟೈಲೋ ಬೀಜ ಕಟ್ಟಿ ಉದುರಿಸುವವರೆಗೂ ಸ್ವಲ್ಪ ಭಾಗ ಕೊಯ್ಯದೆ ಬಿಡಿ. ಎರಡನೇ ವರ್ಷದಿಂದ ನಾಲ್ಕು ಭಾಗ ಮಾಡಿ, ಒಂದರಲ್ಲಿ ಮೇಯಿಸಿ, ಮೂರಕ್ಕೆ ಬಿಡುವು ಕೊಡಿ. ಮಳೆ ಬಂದಾಗಲೆಲ್ಲ ಒಂದು ಸುತ್ತು ಹೋಗಿ ಲಂಟಾನದ ಮರಿಗಳನ್ನು ಕೈಯಲ್ಲೇ ಕೀಳಿ. ಮರಗಳ ಕೆಳಗೆ ಜಾಸ್ತಿ ನೋಡಿ. ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಕೂತು ಬೀಜ ಹಾಕುವುದು ಅಲ್ಲೇ.

ಪಾರ್ಥೇನಿಯಂ ಹೂ ಬಿಡುವ ಮುಂಚೆ, ಕೈಗವಸು ಹಾಕಿಕೊಂಡು ಕೀಳಿ. ಮೈ ತುರಿಕೆ ಬರುತ್ತದೆ, ಹಸು ತಿಂದರೆ ಹಾಲು ಕಹಿಯಾಗುತ್ತದೆ. ಅದರ ಎಲೆ ತಿನ್ನುವ, ಬೆನ್ನ ಮೇಲೆ ಕಂದು ಗೆರೆಯಿರುವ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮೊದಲು ಬಿಟ್ಟದ್ದು ಅದನ್ನು.

ಒಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. 400 ಕೆ.ಜಿ. ತೂಕದ ಹಸುವಿಗೆ ದಿನಕ್ಕೆ ಸುಮಾರು 10 ಕೆ.ಜಿ. ಒಣಮೇವಿನಷ್ಟು ಆಹಾರ ಬೇಕು. ಮಳೆಯಾಶ್ರಿತ ಮೂರು ಎಕರೆ, ಅದರಲ್ಲೂ ಒಂದೊಂದೇ ಎಕರೆ ತಯಾರಾಗುವಾಗ, ವರ್ಷವಿಡೀ ಅಷ್ಟು ಕೊಡುವುದಿಲ್ಲ. ರಾಗಿ ಹುಲ್ಲಿನ ಮೆದೆ ಹಾಕಿಕೊಂಡೇ ಹಸು ತನ್ನಿ. ಮೊದಲ ವರ್ಷ ಒಂದೇ ತನ್ನಿ.

ಪ್ರಶ್ನೆ: ಲಂಟಾನ ಕಡಿದು ಹಾಕಿದ್ದ ಜಾಗದಲ್ಲಿ ನಮ್ಮ ಎಚ್.ಎಫ್. ತಳಿಯ ಕಪ್ಪು-ಬಿಳಿ ಹಸು ಕಟ್ಟಿದ್ದೆವು. ಮೂರು ದಿನದಿಂದ ಮೇವು ಬಿಟ್ಟಿದೆ. ಕಣ್ಣು ಹಳದಿ, ಮೈಮೇಲಿನ ಬಿಳಿ ಭಾಗದ ಚರ್ಮ ಸುಲಿಯುತ್ತಿದೆ. ದೃಷ್ಟಿ ಆಗಿದೆ ಅಂತ ಅತ್ತೆ ಹೇಳುತ್ತಾರೆ.
— ಓದುಗ ಗೃಹಿಣಿ, ಹೆಸರಘಟ್ಟ ಹೋಬಳಿ

ಉತ್ತರ: ಈ ತಾಯಿಗೆ ನಾನು ಫೋನಿನಲ್ಲೇ ಹೇಳಿದೆ: ತಕ್ಷಣ ನೆರಳಿಗೆ ಕಟ್ಟಿ, ಡಾಕ್ಟರನ್ನು ಕರೆಸಿ. ಎಲ್ಲರಿಗೂ ಬೇಕಾದ ವಿಷಯ ಅಂತ ಇಲ್ಲೂ ಬರೆಯುತ್ತಿದ್ದೇನೆ. ಲಂಟಾನದ ವಿಷ ಹೋಗಿ ಹೊಡೆಯುವುದು ಪಿತ್ತಜನಕಾಂಗಕ್ಕೆ. ಹಸಿರೆಲೆ ಜೀರ್ಣವಾದಾಗ ಹುಟ್ಟುವ ಒಂದು ವಸ್ತು ಆಗ ಪಿತ್ತದ ಜೊತೆ ಹೊರಗೆ ಹೋಗದೆ ಚರ್ಮದಲ್ಲಿ ನಿಲ್ಲುತ್ತದೆ. ಬಿಸಿಲು ಬಿದ್ದರೆ ಬಿಳಿ ಭಾಗ ಸುಡುತ್ತದೆ. ಹೊಟ್ಟೆಯ ಓಡಾಟವೂ ನಿಂತು, ತಿಂದ ಎಲೆ ಒಳಗೇ ಉಳಿದು ವಿಷ ಏರುತ್ತಲೇ ಇರುತ್ತದೆ. ಅದಕ್ಕೇ ಡಾಕ್ಟರು ಇದ್ದಿಲು ಪುಡಿ ಕುಡಿಸುವುದು. ತಡ ಮಾಡಿದರೆ ಹಸು ಕೈಬಿಡುತ್ತದೆ. ಅತ್ತೆಯವರು ದೃಷ್ಟಿ ತೆಗೆಯಲಿ, ಬೇಡ ಅನ್ನುವುದಿಲ್ಲ. ಆದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮೊದಲು ಹೋಗಲಿ.

ಕಡಿದು ಒಣಗಿದ ಎಲೆಯಲ್ಲೂ ವಿಷ ಇರುತ್ತದೆ. ರಾಶಿಯ ಹತ್ತಿರ ದನ ಕಟ್ಟಬೇಡಿ. ಸಂತೆಯಿಂದ ಹಸಿದು ಬಂದ ಹೊಸ ದನವನ್ನು ಹೊಟ್ಟೆ ತುಂಬಾ ಮೇವು ಹಾಕದೆ ಬೀಳಿಗೆ ಬಿಡಬೇಡಿ. ಪರಿಚಯ ಇಲ್ಲದ ದನವೇ ಹೆಚ್ಚಾಗಿ ಲಂಟಾನಕ್ಕೆ ಬಾಯಿ ಹಾಕುತ್ತದೆ.

ಪ್ರಶ್ನೆ: ನಮ್ಮೂರ ಗೋಮಾಳ ಪೊದೆ ಹಿಡಿದು ಕೂತಿದೆ. ನಾವು ಹುಡುಗರು ಸೇರಿ ಸರಿ ಮಾಡಬೇಕೆಂದಿದ್ದೇವೆ. ಕೆಲವರು ಪೂರ್ತಿ ಮರ ನೆಡೋಣ ಅಂತಾರೆ.
— ಯುವಕರ ಗುಂಪು, ಆನೇಕಲ್ ತಾಲ್ಲೂಕು

ಉತ್ತರ: ಪತ್ರ ಓದಿ ತುಂಬಾ ಸಂತೋಷವಾಯಿತು. ಕಂದಾಯ ನಿಯಮದಲ್ಲಿ ಊರಿನ ನೂರು ದನಕ್ಕೆ 30 ಎಕರೆಯಂತೆ ಗೋಮಾಳ ಇಡಬೇಕು ಅಂತಿದೆ. ಆದರೆ ಜಾಗ ಸರ್ಕಾರದ್ದು. ನೀವಾಗಿ ಪಿಕಾಸಿ ಹಾಕುವ ಮುಂಚೆ ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ. ಬೆಂಗಳೂರಿನ ಸುತ್ತ ಪೊದೆ ತೆಗೆದ ಜಾಗದ ಮೇಲೆ ಬೇರೆಯವರ ಕಣ್ಣು ಬೀಳುವುದಕ್ಕೆ ತಡವಿಲ್ಲ. ಗಡಿಕಲ್ಲು ಮೊದಲು ಕೂರಲಿ. ಹಳ್ಳಿಯ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಎಲ್ಲ ರಾಜ್ಯಗಳಿಗೂ ಹೇಳಿದೆ. ಅರ್ಜಿಯಲ್ಲಿ ಅದನ್ನೂ ಬರೆಯಿರಿ.

ಪೂರ್ತಿ ಮರ ಖಂಡಿತ ಬೇಡ. ಹುಲ್ಲುಗಾವಲು ಅಂದರೆ ಮರ ಇಲ್ಲದ ಪಾಳು ಜಾಗ ಅಂತ ನಮ್ಮಲ್ಲಿ ಸುಮ್ನೆ ತಿಳಿದುಕೊಂಡಿದ್ದಾರೆ. ಹೆಸರಘಟ್ಟದ ಬಯಲಿಗೆ ಒಮ್ಮೆ ಹೋಗಿ ನೋಡಿ ಬನ್ನಿ, ಹುಲ್ಲನ್ನೇ ನಂಬಿ ಎಷ್ಟು ಹಕ್ಕಿಗಳಿವೆ ಅಂತ. ನೀಲಗಿರಿಯಂತೂ ಬೇಡವೇ ಬೇಡ, 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡಬಾರದು ಅಂದಿದೆ. ದನ ನಿಲ್ಲಲು ಅಲ್ಲಲ್ಲಿ ಹೊಂಗೆ ಇದ್ದರೆ ಸಾಕು. ಗೋಕಟ್ಟೆ ಇದ್ದರೆ ಅದರ ಹೂಳು ಎತ್ತಿಸಿ. ಕೀಳುವ, ಬಿತ್ತುವ ಕ್ರಮ ಮೇಲೆ ಕೆಂಗೇರಿಯವರಿಗೆ ಬರೆದದ್ದೇ.

ಯಾವ ಭಾಗ ಯಾವ ವರ್ಷ ಮುಚ್ಚಬೇಕು ಅನ್ನುವುದನ್ನು ನೀವು ನೀವೇ ಕೂತು ತೀರ್ಮಾನಿಸಬೇಡಿ. ಊರಿನ ಕುರಿ ಮೇಯಿಸುವವರನ್ನು ಮೊದಲ ಸಭೆಗೇ ಕರೆಯಿರಿ. ದಿನವೂ ಅಲ್ಲಿ ಓಡಾಡುವವರು ಅವರು. ಮಳೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಒಳ್ಳೆ ಹುಲ್ಲಿತ್ತು ಅಂತ ಅವರಿಗೇ ಚೆನ್ನಾಗಿ ಗೊತ್ತು. ಅವರು ಒಪ್ಪಿ ಮುಚ್ಚಿದ ಭಾಗಕ್ಕೆ ಬೇಲಿಯ ಖರ್ಚೂ ಬೀಳುವುದಿಲ್ಲ.