ನಾಲ್ಕು–ಐದನೇ ತರಗತಿ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದರೆ ಬರೀ ಗಲಾಟೆ. ದುಡ್ಡು ಖರ್ಚಿಲ್ಲದೆ ಒಳಗೆ, ಹೊರಗೆ ಯಾವ ಚಟುವಟಿಕೆ ಮಾಡಿಸಬಹುದು?

ನಿಮ್ಮ ತರಗತಿಯಲ್ಲಿ 32 ಮಕ್ಕಳಿದ್ದಾರೆ, "ಪರಿಸರ ನೋಡಿ ಬನ್ನಿ" ಎಂದು ಹೊರಗೆ ಬಿಡುತ್ತೀರಿ ಎಂದು ಬರೆದಿದ್ದೀರಿ. ಗಲಾಟೆಗೆ ಕಾರಣ ಅದೇ. ನೋಡು ಅಂದರೆ ಏನು ನೋಡಬೇಕು? ಅಳೆಯಲು, ಎಣಿಸಲು, ಬರೆಯಲು ಒಂದೊಂದು ಕೆಲಸ ಕೈಯಲ್ಲಿರಬೇಕು. ನಾಲ್ಕು ಮಕ್ಕಳ ಗುಂಪು ಮಾಡಿ. ಎಂಟು ಜನರ ಗುಂಪಾದರೆ ನಾಲ್ವರು ಕೆಲಸ ಮಾಡುತ್ತಾರೆ, ಉಳಿದ ನಾಲ್ವರು ಮಣ್ಣೆರಚುತ್ತಾರೆ.

ನಾನು ಮೊದಲು ಸೂಚಿಸುವುದು ನೆರಳುಕೋಲು. ನವೆಂಬರ್‌ನಿಂದ ಫೆಬ್ರವರಿವರೆಗೆ ಆಕಾಶ ತಿಳಿಯಾಗಿರುವುದರಿಂದ ಆಗಲೇ ಮಾಡಿಸಿ. ಸಮತಟ್ಟಾದ ಮಣ್ಣಿನ ಜಾಗದಲ್ಲಿ ನೆಲದ ಮೇಲೆ ಸರಿಯಾಗಿ 1 ಮೀಟರ್ ಉಳಿಯುವಂತೆ ಬಿದಿರುಕೋಲು ನೆಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ಎಂದು ಎರಡು ದಿಕ್ಕಿನಿಂದ ನೋಡಿ. ತುದಿಗೆ ನಿಂಬೆಹಣ್ಣಿನ ಗಾತ್ರದ ಹಸಿಮಣ್ಣಿನ ಉಂಡೆ ಇಡಿ. ಇದನ್ನು ಬಿಡಬೇಡಿ. ಸೂರ್ಯ ಒಂದು ಚುಕ್ಕಿಯಲ್ಲ, ತಟ್ಟೆ. ಹಾಗಾಗಿ ಬರಿಕೋಲಿನ ನೆರಳಿನ ತುದಿ ಒಂದು ಸೆಂಟಿಮೀಟರ್‌ನಷ್ಟು ಮಸುಕಾಗಿರುತ್ತದೆ, "ಇಲ್ಲಿ", "ಅಲ್ಲ, ಇಲ್ಲಿ" ಎಂದು ಜಗಳ ಶುರುವಾಗುತ್ತದೆ. ಉಂಡೆಯ ನೆರಳಾದರೆ ನಡುವಿಗೆ ಕಡ್ಡಿ ಚುಚ್ಚಿದರಾಯಿತು.

"ನೆರಳು ಅತಿ ಚಿಕ್ಕದಾಗುವುದು ಎಷ್ಟು ಗಂಟೆಗೆ?" ಎಂದು ಮೊದಲೇ ಕೇಳಿ ಬೋರ್ಡಿನ ಮೇಲೆ ಬರೆದಿಡಿ. ಎಲ್ಲರೂ 12 ಅನ್ನುತ್ತಾರೆ. ಮೇಷ್ಟ್ರುಗಳೂ ಅದನ್ನೇ ಹೇಳುವುದುಂಟು! ಆದರೆ ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಸುಮಾರು 20 ನಿಮಿಷ ತಡವಾಗಬೇಕು. ಆದರೆ ಡಿಸೆಂಬರ್ ಮಧ್ಯದಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 5 ನಿಮಿಷ ಮುಂದಿರುತ್ತಾನೆ. ಹಾಗಾಗಿ ಆಗ ಅಲ್ಲಿ ನಡುಹಗಲು, ಅಂದರೆ ನೆರಳು ಅತಿ ಚಿಕ್ಕದಾಗುವ ಹೊತ್ತು, 12:15ರ ಹೊತ್ತಿಗೆ, ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡ.

ಹಾಗೆಂದು 12ರಿಂದ ಸ್ಕೇಲ್ ಹಿಡಿದು ಕಾಯಿಸಬೇಡಿ. ನಡುಹಗಲಿನ ಆಸುಪಾಸಿನ ಹತ್ತು ನಿಮಿಷದಲ್ಲಿ ನೆರಳು ಬದಲಾಗುವುದು ಎರಡು–ಮೂರು ಮಿಲಿಮೀಟರ್ ಮಾತ್ರ, ಮಕ್ಕಳ ಅಳತೆಗೆ ಸಿಗುವುದಿಲ್ಲ. ಬದಲಿಗೆ 11 ಗಂಟೆಗೆ ಉಂಡೆಯ ನೆರಳಿಗೆ ಕಡ್ಡಿ ಚುಚ್ಚಿ, ಕೋಲಿನ ಬುಡಕ್ಕೆ ದಾರ ಕಟ್ಟಿ ಆ ಕಡ್ಡಿ ಮುಟ್ಟುವಂತೆ ನೆಲದ ಮೇಲೆ ವೃತ್ತ ಎಳೆಯಿರಿ. ನೆರಳು ವೃತ್ತದೊಳಗೆ ಹೋಗಿ ಮಧ್ಯಾಹ್ನ ಮತ್ತೆ ಗೆರೆ ಮುಟ್ಟುತ್ತದೆ. ಆ ಹೊತ್ತನ್ನು ಬರೆದುಕೊಳ್ಳಲಿ. 1:30 ಬಂತೆನ್ನಿ, 11ಕ್ಕೂ 1:30ಕ್ಕೂ ನಡುವೆ ಎಷ್ಟು? 12:15. ಎರಡು ಕಡ್ಡಿಗಳ ನಡುಬಿಂದುವಿನಿಂದ ಕೋಲಿನ ಬುಡಕ್ಕೆ ಗೆರೆ ಎಳೆದರೆ ಉತ್ತರ–ದಕ್ಷಿಣವೂ ಸಿಕ್ಕಿತು. ಬಿಸಿಯೂಟದ ಹೊತ್ತಿಗೆ ಯಾರೋ ಕೋಲು ಒದ್ದುಬಿಡುತ್ತಾರೆ, ಇಬ್ಬರನ್ನು ಸರದಿಯಲ್ಲಿ ಕಾವಲಿಗೆ ನಿಲ್ಲಿಸಿ.

ಎರಡನೆಯದು ಚೌಕದೊಳಗಿನ ಗಿಡಗಳು. 4 ಮೀಟರ್ ಹಗ್ಗದ ತುದಿಗಳನ್ನು ಸೇರಿಸಿ ಗಂಟು ಹಾಕಿ, ಪ್ರತಿ ಮೀಟರಿಗೊಂದು ಬಣ್ಣದ ಬಟ್ಟೆ ಕಟ್ಟಿ. ಗಂಟಿಗೂ ಹಗ್ಗ ಬೇಕು, ಅದಕ್ಕೆ ಸ್ವಲ್ಪ ಹೆಚ್ಚಿಗೆ ಬಿಡಿ. ನಾಲ್ವರು ನಾಲ್ಕು ಮೂಲೆ ಹಿಡಿದರೆ ಚೌಕ. ಅದು ವಾಲಿ ಗಾಳಿಪಟದ ಆಕಾರವಾಗುವುದೇ ಹೆಚ್ಚು. ಎರಡೂ ಕರ್ಣ ಸಮವಿದೆಯೇ ಎಂದು ಇನ್ನೊಂದು ದಾರದಿಂದ ಅಳೆಯಲಿ. ಮರದಡಿ ಒಂದು, ಆಟದ ಬಯಲಲ್ಲಿ ಒಂದು ಚೌಕ ಹಾಕಿ, ಎಷ್ಟು ಬಗೆಯ ಗಿಡ ಎಂದು ಮಾತ್ರ ಎಣಿಸಲಿ. ಹೆಸರು ಗೊತ್ತಿಲ್ಲದಿದ್ದರೆ ಎಲೆಯ ಚಿತ್ರ ಬರೆದರೆ ಸಾಕು. ಕೀಳಬಾರದು. ಕಾಂಗ್ರೆಸ್ ಗಿಡ, ತುರುಚೆ ಇರುವ ಕಡೆ ಹೋಗಲೇಬೇಡಿ. ಇಪ್ಪತ್ತು ನಿಮಿಷ ಸಾಕು, ಮೇಲೆ ಹೋದರೆ ಹಗ್ಗ ಜಗ್ಗಾಟವಾಗುತ್ತದೆ.

ಮಳೆ ಬಂದ ದಿನ ಒಳಗೆ ಹುಣಸೆಬೀಜ. ಗುಂಪಿಗೆ ನಾಲ್ಕು ಬೀಜ, ಒಂದು ಮೈಯನ್ನು ಒರಟು ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಲಿ, ಚೌಕಾಬಾರಕ್ಕೆ ಮಾಡುವ ಹಾಗೆ. ನಲವತ್ತು ಸಲ ಎಸೆದು, ಎಷ್ಟು ಬಿಳಿ ಬಿತ್ತೆಂದು ಗೀಟು ಹಾಕಲಿ. ಸಾಮಾನ್ಯವಾಗಿ ಎರಡು ಬಿಳಿ ಹೆಚ್ಚು ಸಲ ಬೀಳುತ್ತದೆ; ನಾಲ್ಕೂ ಬಿಳಿ, ನಾಲ್ಕೂ ಕಪ್ಪು ಅಪರೂಪ. ಚೌಕಾಬಾರದಲ್ಲಿ ನಾಲ್ಕೂ ಕಪ್ಪಾದರೆ ಎಂಟು ಮನೆ ಯಾಕೆ ಕೊಡುತ್ತಾರೆ ಎಂದು ಆಗ ಕೇಳಿ. ಒಂದು ಗುಂಪಿನ ಲೆಕ್ಕ ಉಳಿದವರಿಗಿಂತ ಪೂರಾ ಬೇರೆ ಬಂದರೆ ಬೈಯಬೇಡಿ, ಬೀಜ ನೋಡಿ. ಒಂದೇ ಕಡೆ ಹೆಚ್ಚು ಸವೆದ ಬೀಜ ವಾಲಿ ಬೀಳುತ್ತದೆ. ಆ ಬೀಜಗಳನ್ನು ಪಕ್ಕದ ಗುಂಪಿಗೆ ಕೊಟ್ಟು ಮತ್ತೆ ನಲವತ್ತು ಸಲ ಎಸೆಸಿ.

ಸಂಭ್ರಮ ಶನಿವಾರ ಹೇಗೂ ಬ್ಯಾಗ್ ಇರುವುದಿಲ್ಲ, ಬೀಜದ ಕೆಲಸದಿಂದಲೇ ಶುರುಮಾಡಿ. ನೆರಳುಕೋಲಿಗೆ ಪೂರ್ತಿ ದಿನ ಬೇಕು, ಅದನ್ನು ಅರ್ಧ ದಿನದ ಶನಿವಾರಕ್ಕೆ ಇಟ್ಟುಕೊಳ್ಳಬೇಡಿ.